ಇಸಿಜಿ ಸರಿಯಾಗಿತ್ತು

ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಊರಲ್ಲಿ ಇದ್ದದ್ದು ಕಡಿಮೆ. ನನಗೆ ವಿಶಾಖಪಟ್ಟಣದ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ, ಗಾಜುವಾಕದಲ್ಲಿ ಬಾಡಿಗೆ ಮನೆ. ನನ್ನ ಗಂಡ ಬ್ಯಾಂಕ್ ಅಧಿಕಾರಿ. ಧಾರವಾಡದಿಂದ ವರ್ಗವಾಗಿ ವಿಜಯವಾಡದ ಆಟೋನಗರ್ ಶಾಖೆಗೆ ಬಂದಿದ್ದರು. ರಜೆ ಸಿಕ್ಕಾಗೆಲ್ಲ ರೈಲು ಹತ್ತಿ ನನ್ನಲ್ಲಿಗೆ ಬರುತ್ತಿದ್ದರು.

ಅಂಥದ್ದೊಂದು ರಜೆಯಲ್ಲಿ ಸಿಂಹಾಚಲಂ ದೇವಸ್ಥಾನಕ್ಕೆ ಹೋದೆವು. ಕಬ್ಬಿಣದ ಸರಳುಗಳ ನಡುವೆ ದರ್ಶನದ ಸಾಲು ನಿಂತುಬಿಟ್ಟಿತ್ತು. ಹಿಂದೆ ಮುಂದೆ ಜನ. ಇದ್ದಕ್ಕಿದ್ದಂತೆ ಅವರು ನನ್ನ ಮಣಿಕಟ್ಟು ಹಿಡಿದರು. ಕೈ ಮಂಜಿನ ಹಾಗಿತ್ತು, ಮುಖದಲ್ಲಿ ಬೆವರು ಇಳಿಯುತ್ತಿತ್ತು.

"ಎದಿ ಹಿಡದಂಗ ಆಗೇತಿ. ಉಸರ ಸಿಗವಲ್ದು. ನಾ ಉಳಿಯೂದಿಲ್ಲ" ಅಂದರು.

ಹಿಂದಿದ್ದ ಹೆಂಗಸೊಬ್ಬಳು "ಗಾಲಿ ಆಡನಿವ್ವಂಡಿ!" ಎಂದು ಕೂಗಿ, ಗಾಳಿಗಾಗಿ ಜನರನ್ನು ಸರಿಸಿದಳು. ಯಾರೋ ಸರಳು ತೆಗೆದು ನಮ್ಮನ್ನು ಹೊರಗೆ ಬಿಟ್ಟರು. ಬೆರಳು ಜುಮುಗುಡುತ್ತಿವೆ, ತುಟಿ ಮರಗಟ್ಟಿದೆ ಎನ್ನುತ್ತ ಆಟೋದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಂಕಟ ಅರ್ಧ ಇಳಿದಿತ್ತು. ಇಸಿಜಿ ಸರಿ, ರಕ್ತದ ವರದಿ ಸರಿ. ಡಾಕ್ಟರು ಗ್ಯಾಸ್ ಅಂದು ಮಾತ್ರೆ ಬರೆದರು. ನಾನೂ ನಂಬಿದೆ.

ಆಮೇಲೆ ವಿಜಯವಾಡಕ್ಕೆ ಹೋದಾಗಲೆಲ್ಲ ಒಂದೊಂದೇ ಕಣ್ಣಿಗೆ ಬಿತ್ತು. ಹೋಟೆಲಿನಲ್ಲಿ ಬಾಗಿಲ ಪಕ್ಕದ ಮೇಜೇ ಬೇಕು. ಲಿಫ್ಟ್ ಬೇಡ. ಮಾತಾಡುತ್ತಲೇ ಎರಡು ಬೆರಳು ಕತ್ತಿನ ನಾಡಿಗೆ ಹೋಗುತ್ತಿದ್ದವು. ನೀರಿನ ಬಾಟಲಿಯಿಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ಕೇಳಿದರೆ "ಬಿಸಲ ಭಾಳ ಐತಲ್ಲ" ಎನ್ನುತ್ತಿದ್ದರು. ಬರಬರುತ್ತ ರೈಲು ಹತ್ತುವುದನ್ನೇ ಬಿಟ್ಟರು.

ಎರಡನೆಯ ಸಲ ಆದದ್ದು ಬ್ಯಾಂಕಿನ ಖಜಾನೆ ಕೋಣೆಯಲ್ಲಿ. ಬೆಳಿಗ್ಗೆ ಬಾಗಿಲು ತೆರೆದು ಒಳಗೆ ಹೋದವರು ಗೋಡೆಗೊರಗಿ ಕುಸಿದರಂತೆ. ಸಹೋದ್ಯೋಗಿ ಫೋನ್ ಮಾಡಿ "ಹಾರ್ಟ್ ಅಟ್ಯಾಕ್ ಅನುಕುಂಟಾ ಮೇಡಂ" ಅಂದ. ಅವನದು ಊಹೆಯಷ್ಟೇ; ಆದರೂ ವಿಜಯವಾಡದವರೆಗೂ ನಾನು ರೈಲಿನಲ್ಲಿ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದೆ. ಹೋಗಿ ನೋಡಿದರೆ ಹಾಸಿಗೆಯ ಮೇಲೆ ಎದ್ದು ಕೂತಿದ್ದಾರೆ. ಮತ್ತೆ ಇಸಿಜಿ ಸರಿ. ಈ ಸಲದ ಡಾಕ್ಟರಮ್ಮ ಮಾತ್ರ ಮನೋವೈದ್ಯರ ಹತ್ತಿರ ಕಳಿಸಿದರು.

ಅಲ್ಲಿ ಇವರು ನನ್ನತ್ತ ಕೈ ತೋರಿಸಿದರು. ಇವರಿಗೆ ಬರುತ್ತಿದ್ದದ್ದು ಸಾಲ, ಬಡ್ಡಿ, ಸಹಿ ಎಂಬಷ್ಟಕ್ಕೆ ಸಾಲುವ ತೆಲುಗು. ಹೆದರಿಕೆ ಹೇಳಿಕೊಳ್ಳಲು ಯಾವ ಭಾಷೆಯೂ ಇರಲಿಲ್ಲ. ನಾನು ಕಂಡದ್ದನ್ನೆಲ್ಲ ಹೇಳಿದೆ. ವೈದ್ಯರು ಇವರತ್ತ ತಿರುಗಿ ಇಂಗ್ಲಿಷಿನಲ್ಲಿ, ಮತ್ತೆ ಹಾಗೇ ಆದೀತೆಂಬ ಭಯದಲ್ಲೇ ದಿನ ಕಳೆಯುತ್ತೀರಾ ಎಂದು ಕೇಳಿದರು. ಇವರು ತಲೆ ತಗ್ಗಿಸಿದರು. ಕಣ್ಣಲ್ಲಿ ನೀರಿತ್ತು. ಇದು ಪ್ಯಾನಿಕ್ ಕಾಯಿಲೆ, ಎದೆಯದಲ್ಲ, ಚಿಕಿತ್ಸೆ ಇದೆ ಅಂದರು ವೈದ್ಯರು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. "ಹಾರ್ಟ್ ಅಂದಿದ್ರ ಊರಾಗ ಹೇಳಬಹುದಿತ್ತು. ಇದನ್ನ ಏನಂತ ಹೇಳೂದು? ಹುಚ್ಚ ಅಂತಾರ."

"ಅನ್ನಲಿ ಬಿಡ್ರಿ. ಗುಳಿಗಿ ತಗೋರಿ."

ತಗೊಂಡರು. ನಿದ್ದೆ ಬಂತು, ಊಟ ಸೇರಿತು. ಗುಣವಾಯಿತೆಂದು ಒಂದು ದಿನ ಯಾರನ್ನೂ ಕೇಳದೆ ನಿಲ್ಲಿಸಿದರು. ಮಳೆಗಾಲ ಮುಗಿಯುವುದರೊಳಗೆ ಅದು ಮೊದಲಿಗಿಂತ ಜೋರಾಗಿ ತಿರುಗಿ ಬಂತು; ಸ್ನಾನದ ಮನೆಯ ಬಾಗಿಲು ಹಾಕಿಕೊಳ್ಳುವುದಕ್ಕೂ ಹೆದರುವಷ್ಟು.

ಈಗ ಮಾತ್ರೆ ಮತ್ತೆ ಶುರುವಾಗಿದೆ. ಖಜಾನೆಯ ಕೀಲಿ ಬೇರೆಯವರಿಗೆ ಕೊಟ್ಟಿದ್ದಾರೆ. ಬಡ್ತಿಯ ಮಾತು ಎತ್ತುವುದಿಲ್ಲ. ರೈಲು ಹತ್ತುವವಳು ನಾನು. ಮೊನ್ನೆ ಧಾರವಾಡದಿಂದ ಅತ್ತೆ ಫೋನ್ ಮಾಡಿ, ಮಗ ಹಬ್ಬಕ್ಕೂ ಯಾಕೆ ಬರುವುದಿಲ್ಲ ಎಂದು ಕೇಳಿದರು. ಇವರು ಪಕ್ಕದಲ್ಲೇ ಕೂತು ಹೇಳಬೇಡವೆಂದು ಕೈಯಾಡಿಸುತ್ತಿದ್ದರು.

"ಕೆಲಸ ಭಾಳ ಐತ್ರಿ" ಅಂದೆ.