ಚಿಲಕಕ್ಕೆ ಕಟ್ಟಿದ ದಾರ

ನನ್ನ ಮಗಳಿಗೆ ಒಂದು ದಾರ ಎರಡಾಗಿ ಕಾಣ್ತದೆ. ಹೆಮ್ಮೆಯಿಂದಲೇ ಬರೀತಿದ್ದೇನೆ, ನಗೋರು ನಗಿ ಮಾರಾಯ್ರೆ.

ಒಂದನೇ ಕ್ಲಾಸಲ್ಲಿದ್ದಾಗ ಅವಳ ಬಲಗಣ್ಣು ಸಂಜೆಯಾದ್ರೆ ಹೊರಗೆ ಜಾರೋದು. ಲೋಟಕ್ಕೆ ಮಜ್ಜಿಗೆ ಬಗ್ಗಿಸು ಅಂದ್ರೆ ಪಕ್ಕದಲ್ಲಿ ಬಗ್ಗಿಸ್ತಿದ್ಲು. ನಮ್ಮತ್ತೆ ಮಾತ್ರ ವಾರೆಗಣ್ಣು ಅದೃಷ್ಟ, ಮುಟ್ಟಬೇಡಿ ಅಂತ ಹಟ ಹಿಡಿದಿದ್ರು. ಅದೃಷ್ಟ ಆಮೇಲೆ ಬರಲಿ, ಮೊದಲು ಮಜ್ಜಿಗೆ ಲೋಟಕ್ಕೆ ಬೀಳಲಿ ಅಂತ ನಾನು ಕೊಪ್ಪದ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ.

ಡಾಕ್ಟ್ರಮ್ಮ ಬಿಡಿಸಿ ಹೇಳಿದ್ರು. ಎರಡು ಕಣ್ಣು ಎರಡು ಚಿತ್ರ ಕಳಿಸ್ತವೆ, ಮೆದುಳು ಜೋಡಿಸಿ ಒಂದು ಮಾಡ್ತದೆ. ಯಾವುದು ಎಷ್ಟು ದೂರ ಅಂತ ಸರಿಯಾಗಿ ಗೊತ್ತಾಗೋದು ಅದ್ರಿಂದ. ಇವಳ ಮೆದುಳು ಬಲಗಣ್ಣಿನ ಚಿತ್ರವನ್ನ ಬೇಡ ಅಂತ ತಳ್ತಿದೆ, ಹೀಗೇ ಬಿಟ್ರೆ ಜೋಡಿಸೋದೇ ಮರೆತುಹೋಗಬಹುದು. ಮದ್ದು ಅಂತ ಕೊಟ್ಟಿದ್ದು ಬಣ್ಣದ ಮಣಿ ಪೋಣಿಸಿದ ಒಂದು ದಾರ. ಒಂದು ತುದಿ ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದು ಮೂಗಿಗೆ ಹಿಡಿದು, ಮಣಿಯನ್ನೇ ನೋಡಬೇಕು. ಉಳಿದದ್ದು ಹೇಳುವಾಗ ಎನ್.ಆರ್.ಪುರದ ಬಸ್ಸು ತಪ್ತದೆ ಅಂತ ನಾನು ಅರ್ಧ ಕೇಳಿ ಓಡಿದೆ.

ದಾರ ಎಷ್ಟು ಕಾಣ್ತದೆ ಅಂತ ಕೇಳಿ ಅಂದದ್ದಷ್ಟೇ ಕಿವಿಗೆ ಬಿದ್ದಿತ್ತು, ದಿನಾ ಕೇಳ್ತಿದ್ದೆ. ಒಂದು ಅಂತಿದ್ಲು. ಶಾಭಾಸ್ ಅಂತಿದ್ದೆ. ಒಂದಿನ ನಾನೇ ಮೂಗಿಗೆ ಹಿಡಿದ್ರೆ ಮಣಿ ಒಂದು, ದಾರ ಎರಡು! ಮೊಬೈಲ್ ನೋಡಿ ನೋಡಿ ನನ್ನ ಕಣ್ಣು ಹಾಳಾಯ್ತು ಅಂತ ಮುಂದಿನ ಸಲ ಮಗಳನ್ನ ಹೊರಗೆ ಕೂರಿಸಿ ಡಾಕ್ಟ್ರಿಗೆ ಹೇಳಿದೆ.

ಅವರು ನಕ್ಕುಬಿಟ್ರು. "ನಿಮಗೆ ಕಾಣೋದೇ ಸರಿ. ಒಂದೊಂದು ಕಣ್ಣಿಗೆ ಒಂದೊಂದು ದಾರ, ನೋಡುವ ಮಣಿ ಹತ್ರ ಎರಡೂ ಅಡ್ಡ ಹಾಯ್ತವೆ. ಅವಳಿಗೂ ಎರಡು ಕಾಣಬೇಕು."

ಅಲ್ಲಿಂದ ಶುರುವಾಯ್ತು ನೋಡಿ ನಿಜವಾದ ಅಭ್ಯಾಸ. ಮಗಳಿಗೆ ತಲೆನೋವು, ಅಳು. ಅತ್ತೆ ದಾರದ ಅಡಿಗೆ ಬಗ್ಗಿ ಓಡಾಡ್ತಾ ಗೊಣಗೋದು. ಎರಡು ಕಾಣಬೇಕು ಅಂತ ಅವಳಿಗೆ ಹೇಳಿಕೊಡ್ಲಿಲ್ಲ, ನನ್ನ ಖುಷಿಗೆ ಸುಳ್ಳು ಹೇಳಿದ್ರೆ?

ಮಳೆಗಾಲ ಮುಗಿಯುವಾಗ ಒಂದು ಸಂಜೆ ಅವಳೇ ಕರೆದ್ಲು. "ಅಮ್ಮ, ಇನ್ನೊಂದು ದಾರ ಬಂತು."

"ಎಲ್ಲಿ ಬಂತು?"

"ಹಸಿರು ಮಣಿ ಹತ್ರ ಎರಡೂ ಕತ್ತರಿ ಹಾಕಿದೆ."

ಕತ್ತರಿಯ ವಿಷಯ ನಾನು ಬಾಯಿ ಬಿಟ್ಟಿರಲಿಲ್ಲ. ಕೂಸು ತಾನೇ ಕಂಡಿದ್ದು.

ಸುಸ್ತಾದಾಗ ಕಣ್ಣು ಈಗಲೂ ಸ್ವಲ್ಪ ಜಾರ್ತದೆ, ತಾನೇ ಎಳೆದು ತರ್ತಾಳೆ. ಮೊನ್ನೆ ಮುತ್ತಿನಕೊಪ್ಪದಿಂದ ಅತ್ತೆಯ ತಂಗಿ ಬಂದಿದ್ರು. ಮಗಳು ಲೋಟದ ತುಂಬ ಮಜ್ಜಿಗೆ ಬಗ್ಗಿಸಿಕೊಟ್ಲು, ನೆಲಕ್ಕೆ ಒಂದು ಹನಿ ಇಲ್ಲ. ಅಷ್ಟರಲ್ಲಿ ಅತ್ತೆ ಚಿಲಕದ ದಾರ ಎಳೆದು ತಂಗಿಯ ಮೂಗಿಗೆ ಹಿಡಿದೇಬಿಟ್ರು.

"ನಮ್ಮ ಕೂಸಿಗೆ ಎರಡು ಕಾಣ್ತದೆ. ನಿಂಗೆ ಎಷ್ಟು, ಹೇಳು ನೋಡುವ."