ಓಗೊಡದೆ ಇರಲಾರದ ಅತ್ತೆ

ನಮ್ಮ ಸೋದರತ್ತೆಯ ಕಿವಿಹಾಲೆಗಳು ಹೆಗಲಿಗೆ ಇನ್ನೇನು ತಾಗುವಷ್ಟು ಜೋತಿದ್ದವು. ಹರೆಯದಲ್ಲಿ ತೊಟ್ಟ ಭಾರದ ಓಲೆಗಳು ಅವನ್ನು ಹಾಗೆ ಎಳೆದಿದ್ದವು. ಓಲೆ ಬಿಚ್ಚಿಟ್ಟ ಮೇಲೂ, ಅವಳು ತಲೆಯಾಡಿಸಿ ಯಾರನ್ನಾದರೂ ಬೈಯುವಾಗ ಆ ಖಾಲಿ ಹಾಲೆಗಳು ತಾವೂ ನಾಲ್ಕು ಮಾತು ಸೇರಿಸುವಂತೆ ಓಲಾಡುತ್ತಿದ್ದವು. ಬೈಯುವುದಕ್ಕೆ ಅವಳಿಗೆ ಕಾರಣವೇನೂ ಬೇಕಿರಲಿಲ್ಲ.

ತಾಯಿಯಿಲ್ಲದ ನನ್ನನ್ನು ತಮಿಳುನಾಡಿನ ಮೇಚೇರಿಯ ಹತ್ತಿರದ ಊರಲ್ಲಿ ಕುರಿಮರಿಗಳ ಜೊತೆಗೇ ಸಾಕಿದವಳು ಅವಳು. ಅವಳದೊಂದು ಕಟ್ಟಪ್ಪಣೆ ಇತ್ತು: ಯಾರೇ ಕೂಗಲಿ, ಬಾಯಲ್ಲಿ ತುತ್ತಿದ್ದರೂ ಓಗೊಡಬೇಕು. ಪಾಲಮಲೆಯ ತಪ್ಪಲಲ್ಲಿ ಕುರಿ ಮೇಯಿಸುವವರಿಗೆ ಕೂಗೇ ಆಸರೆ. ಮರುದನಿ ಬರದಿದ್ದರೆ ಆ ಮನುಷ್ಯ ಎಲ್ಲೋ ಬಿದ್ದಿದ್ದಾನೆಂದೇ ಅರ್ಥ. ನಾನು ಮುನಿಸಿಕೊಂಡು ಸುಮ್ಮನಿದ್ದರೆ, "ಲೇ, ನಿನ್ ನಾಲ್ಗೇನ ಕುರಿ ಮೇಯ್ಕೊಂಡು ಓಯ್ತಾ?" ಎನ್ನುತ್ತಿದ್ದಳು. ನನಗೆ ನಗು ಬಂದುಬಿಡುತ್ತಿತ್ತು.

ದೊಡ್ಡವನಾಗಿ ನಾನು ಸೇಲಂನ ಸ್ಕ್ಯಾನ್ ಸೆಂಟರೊಂದರಲ್ಲಿ ಎಂ.ಆರ್.ಐ. ಟೆಕ್ನಿಷಿಯನ್ ಆದೆ. ಕೆಲವು ವರ್ಷಗಳ ಹಿಂದೆ ಅತ್ತೆಗೆ ದೊಡ್ಡಿಯವರೆಗೆ ನಡೆದರೂ ಏದುಸಿರು ಬರತೊಡಗಿತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತಿತ್ತು. ಅಲ್ಲಿ ರಕ್ತ ಎಲ್ಲಿ ಹರಿಯುತ್ತಿದೆ, ಎಲ್ಲಿ ಇಲ್ಲ ಎಂದು ನೋಡಿದ ಮೇಲೆಯೇ ಆಪರೇಷನ್ನಿನ ಮಾತು ಎಂದು ಡಾಕ್ಟರು ನಮ್ಮಲ್ಲಿಗೇ ಕಳಿಸಿದರು. ಕೈಯ ನರಕ್ಕೆ ಕಾಂಟ್ರಾಸ್ಟ್ ಎಂಬ ಮದ್ದು ಬಿಟ್ಟರೆ ಅದು ಕ್ಷಣಗಳಲ್ಲಿ ಶ್ವಾಸಕೋಶ ದಾಟಿ ಹೋಗುತ್ತದೆ. ಆಗ ಉಸಿರು ಕಟ್ಟಿ ಮಲಗಿರಬೇಕು. ಎದೆ ಅಲುಗಿದರೆ ಚಿತ್ರವೂ ಕೆಟ್ಟಿತು, ಮದ್ದೂ ದಂಡ.

ಮದ್ದು ಬಿಡುವ ಮುಂಚೆ ಅಭ್ಯಾಸ ಮಾಡಿಸಿದೆವು. ನನ್ನ ಜೊತೆಗಾರ ಮೈಕಿನಲ್ಲಿ, "ಮೂಚ್ಚ ಪುಡಿಂಗಮ್ಮಾ" ಎಂದು ತಮಿಳಿನಲ್ಲಿ ಉಸಿರು ಹಿಡಿಯಲು ಹೇಳಿದ. "ಸರಿ ಸಾಮಿ" ಎಂದು ಒಳಗಿಂದ ಉತ್ತರ ಬಂತು. ಚಿತ್ರ ಕೆಟ್ಟಿತು. ನಾನು ಮೈಕು ಹಿಡಿದು, "ಅತ್ತೆ, ಮಾತಾಡ್ಬೇಡ, ಸುಮ್ಕಿರು" ಎಂದೆ.

"ಆಯ್ತು ಕಣ್ಣು, ಸುಮ್ಕೇ ಇವ್ನಿ!"

ನಗುವೂ ಅಳುವೂ ಒಟ್ಟಿಗೆ ಬಂದವು. ಒಳಗೆ ಹೋದೆ. "ಕೂಗಿದ್ರೆ ಓಗೊಡ್ದೆ ಎಂಗಿರ್ಲಿ ಮಗಾ? ಬಾಯಿ ತಾನೇ ಓಯ್ತದೆ" ಎಂದಳು. ಮೆಷಿನ್ನಿನಿಂದ ಹೊರಚಾಚಿದ್ದ ಅವಳ ಪಾದ ಹಿಡಿದೆ. "ಇನ್ನು ಯಾರೂ ಕೂಗಲ್ಲ. ನಾನು ಪಾದ ಒತ್ತಿದ್ರೆ ಉಸ್ರು ಇಡ್ಕೋ. ಕೈ ತಗುದ್ರೆ ಬುಡು."

ಜೊತೆಗಾರ ಮದ್ದು ಬಿಟ್ಟ. ಮೆಷಿನ್ನು ಗಡಗಡ ಎನ್ನುತ್ತಿರುವಷ್ಟು ಹೊತ್ತೂ ಪಾದ ಒತ್ತಿ ನಿಂತೆ. ಅವಳು ಅಲುಗಲಿಲ್ಲ.

ಆಮೇಲೆ ಪರದೆಯ ಮೇಲೆ ತೋರಿಸಿದೆ. ಕಪ್ಪು ಎದೆಯೊಳಗೆ ಬೆಳ್ಳಗೆ ಕವಲೊಡೆಯುತ್ತ ರಕ್ತ ಹರಡಿತು. ಕೆಳಗಡೆ ಅಲ್ಲಲ್ಲಿ ಕಪ್ಪು ಕಪ್ಪಾಗಿಯೇ ಉಳಿಯಿತು. ತಡೆಗಳೆಲ್ಲ ತೀರಾ ಸಣ್ಣ ನಾಳಗಳಲ್ಲಿವೆ, ಕತ್ತರಿ ಅಲ್ಲಿಗೆ ತಲುಪುವುದಿಲ್ಲ, ಮಾತ್ರೆಯಲ್ಲೇ ಕಾಲ ಹಾಕಬೇಕು ಎಂದರು ಡಾಕ್ಟರು. ಅತ್ತೆ ಮಾತ್ರ ಪರದೆಯನ್ನೇ ನೋಡುತ್ತ, "ಅಷ್ಟು ಒಲಕ್ಕೆ ನೀರು ಏರಲ್ಲ, ಬುಡು. ಏರೋ ಕಡೆ ಬೆಳ್ಕೊಂಡು ತಿಂದ್ರಾಯ್ತು" ಎಂದಳು. ಹಾಗೆಯೇ ಬದುಕಿದಳು ಕೂಡ. ದೊಡ್ಡಿಯ ಬಾಗಿಲಲ್ಲಿ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಬೈಯುತ್ತಾ.

ಕಳೆದ ಬೇಸಿಗೆಯಲ್ಲಿ ಹಾಸಿಗೆ ಹಿಡಿದಳು. ಮೂಗಿಗೆ ಆಕ್ಸಿಜನ್ ಕೊಳವೆ ಇದ್ದರೂ ಉಸಿರು ಸಾಲುತ್ತಿರಲಿಲ್ಲ. ಕಾಲ ಬಳಿ ಕೂತಿದ್ದ ನಾನು ಅವಳ ಪಾದವನ್ನು ಬಿಗಿಯಾಗಿ ಒತ್ತಿ ಹಿಡಿದದ್ದು ನನಗೇ ಗೊತ್ತಿರಲಿಲ್ಲ. ಅವಳು ಕಣ್ಣು ತೆರೆದು ನೋಡಿದಳು.

"ಕೈ ತಗಿ ಮಗಾ. ಇನ್ನೂ ಎಷ್ಟೊತ್ತು ಉಸ್ರು ಇಡ್ಕೊಂಡಿರ್ಲಿ?"

ನನ್ನ ಜೀವ ಒಲ್ಲೆ ಒಲ್ಲೆ ಎನ್ನುತ್ತಿತ್ತು. ಕೈ ತೆಗೆದೆ.