ಕೂದಲಿಗಿಂತ ತೆಳುವಾಗಿ ಕೊಯ್ಯುವ ಕೈ

ಬೆಳಗಿನ ಐದೂವರೆ. ಸಂಶೋಧನಾ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದೇ ಒಂದು ಕೋಣೆಯ ದೀಪ ಹೊತ್ತಿದೆ. ಒಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಉಸಿರು ಬಿಗಿಹಿಡಿದು ಪುಟ್ಟ ಯಂತ್ರದ ಚಕ್ರ ತಿರುಗಿಸುತ್ತಿದ್ದಾರೆ. ಮೇಣದಲ್ಲಿ ಹುದುಗಿಸಿದ ಲಿವರಿನ ಚೂರು ಬ್ಲೇಡಿಗೆ ತಾಗಿ, ನವಿರಾದ ಪದರವಾಗಿ ಇಳಿಯುತ್ತದೆ. ಕುಂಚದ ತುದಿಯಿಂದ ಅದನ್ನೆತ್ತಿ ಬೆಚ್ಚಗಿನ ನೀರಿನ ಮೇಲೆ ತೇಲಿಬಿಡುತ್ತಾರೆ. ಸುಕ್ಕು ಬಿಚ್ಚಿಕೊಂಡ ಮೇಲೆ ಗಾಜಿನ ಪಟ್ಟಿಯಿಂದ ಮೆಲ್ಲಗೆ ಮೇಲೆತ್ತುತ್ತಾರೆ. ಒಂದು ಕೂದಲಿನ ದಪ್ಪದಲ್ಲಿ ಇಂಥ ಹದಿನೈದು ಪದರ ಹಿಡಿಸುತ್ತವೆ.

“ಈ ಹೊತ್ತಲ್ಲಿ ಬಾಗಿಲು ತೆಗೆಯೋರಿಲ್ಲ, ಫ್ಯಾನ್ ಹಾಕೋರಿಲ್ಲ. ಪಕ್ಕದಲ್ಲಿ ಯಾರಾದ್ರೂ ಸೀನಿದ್ರೆ ಮುಗೀತು, ಪದರ ಹಾರಿ ಗೋಡೆಗೆ ಅಂಟ್ಕೊಳ್ಳುತ್ತೆ” ಎಂದು ನಗುತ್ತಾರೆ.

ಇಲ್ಲಿ ಎಲ್ಲರ ಬಾಯಲ್ಲೂ ಅವರು ಮೇಣದಕ್ಕ. ಕ್ಯಾನ್ಸರ್ ಮತ್ತು ಮಕ್ಕಳ ಲಿವರ್ ಕಾಯಿಲೆಗಳ ಮೂಲವನ್ನು ಜೀನ್‌ಗಳಲ್ಲಿ ಹುಡುಕುವ ವಿಜ್ಞಾನಿಗಳು ಈ ಕೋಣೆ ದಾಟದೆ ಒಂದು ಹೆಜ್ಜೆಯೂ ಮುಂದಿಡುವಂತಿಲ್ಲ. ದಿನಕ್ಕೆ ಚೂರು ಹುದುಗಿಸಿದ ಅರವತ್ತು ಮೇಣದ ಅಚ್ಚು, ಇನ್ನೂರು ಗಾಜಿನ ಪಟ್ಟಿ. ಪ್ರತಿ ರೋಗಿಗೂ ಹೊಸ ಬ್ಲೇಡು. ಇಲ್ಲದಿದ್ದರೆ ಒಬ್ಬರ ಜೀನ್ ಇನ್ನೊಬ್ಬರ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಗಾಜಿನ ಪಾತ್ರೆ ತೊಳೆಯಲು ಬಂದವರು ಅವರು. ಸಂಜೆ ತರಗತಿಗೆ ಹೋಗಿ ಡಿಪ್ಲೊಮಾ ಮುಗಿಸುವಷ್ಟರಲ್ಲಿ ಮಡಿಲಿಗೆ ಮಗಳು ಬಂದಿದ್ದಳು. ಎಡಗೈ ಹೆಬ್ಬೆರಳಲ್ಲಿ ಬ್ಲೇಡಿನ ಮೂರು ಗೀರು. ಮಣಿಕಟ್ಟಿನ ನೋವಂತೂ ಬೆನ್ನು ಬಿಟ್ಟಿದ್ದೇ ಇಲ್ಲ. “ಮನೇಲಿ ಈರುಳ್ಳಿ ಹೆಚ್ಚೋದು ನಮ್ಮೆಜಮಾನ್ರು. ನಾನು ಹೆಚ್ಚಿದ್ರೆ ಬಾಣಲೇಲಿ ಕಾಣ್ಸೋದೇ ಇಲ್ವಂತೆ!”

ಮೂರು ವರ್ಷದ ಹಿಂದಿನ ಮಾತು. ಎರಡು ವರ್ಷದ ಮಗುವೊಂದಕ್ಕೆ ಕಾಮಾಲೆ ಹತ್ತಿ ಕಣ್ಣೆಲ್ಲ ಅರಿಶಿನವಾಗಿತ್ತು. ಸ್ಕ್ಯಾನಿನಲ್ಲಿ ಲಿವರಿನ ಮೇಲೊಂದು ನೆರಳು. ಗಡ್ಡೆಯೋ ಬೇರೇನೋ ಎಂದು ತಿಳಿಯಲು ಸೂಜಿ ಚುಚ್ಚಿ ಲಿವರಿನ ಚೂರು ತೆಗೆದಿದ್ದರು. ಮಗುವಿನ ಹೆಸರಿದ್ದ ಅಚ್ಚನ್ನು ಯಂತ್ರಕ್ಕೆ ಕೂರಿಸಿದ ಮೇಣದಕ್ಕ ಎರಡು ಸುತ್ತು ತಿರುಗಿಸಿ ಕೈ ತಡೆದರು. ಅಷ್ಟು ಜೋರು ಕಾಮಾಲೆಯಿದ್ದರೆ ಪಿತ್ತ ತುಂಬಿದ ಚೂರು ಮೇಣದೊಳಗೂ ಹಸಿರಾಗಿ ಕಾಣುತ್ತದೆ. ಇದು ಬೆಳ್ಳಗಿತ್ತು. ಎಳೆಯ ಲಿವರಿನಂತೆ ಮೆತ್ತಗಿರದೆ ಬ್ಲೇಡಿಗೆ ಗರಗರ ಸಿಗುತ್ತಿತ್ತು.

“ಲೇಬಲ್ ಸರಿಯಾಗೇ ಇದೆಯಲ್ಲಕ್ಕಾ? ಕೊಯ್ದುಬಿಡಿ, ಇವತ್ತೇ ಪರೀಕ್ಷೆಗೆ ಹೋಗ್ಬೇಕು” ಎಂದು ಸಂಶೋಧನೆಯ ಯುವ ವೈದ್ಯರು ಅವಸರಿಸಿದರು.

“ಲೇಬಲ್ ಸರಿಯಾಗಿರ್ಬೋದು ಡಾಕ್ಟ್ರೇ. ಒಳಗಿರೋ ಚೂರು ಮಗೂದಲ್ಲ. ನಾನು ಕೊಯ್ಯಲ್ಲ.”

ಮಾತಿಗೆ ಮಾತು ಬೆಳೆದು ವಿಭಾಗದ ಮುಖ್ಯಸ್ಥೆಯವರೆಗೂ ದೂರು ಹೋಯಿತು. ಅವರು ಮಗುವಿನ ಒಂದು ಹನಿ ರಕ್ತ ತರಿಸಿ, ಅದರ ಜೀನ್‌ಗೂ ಚೂರಿನ ಜೀನ್‌ಗೂ ತಾಳೆ ನೋಡಲು ಹೇಳಿದರು. ಉತ್ತರ ಬರಲು ಎರಡು ದಿನ ಬೇಕಿತ್ತು, ಮೇಣದಕ್ಕನಿಗೆ ಒಂದೇ ಚಿಂತೆ. “ತಪ್ಪು ನಂದೇ ಆಗಿದ್ರೆ ಮಗೂಗೆ ಎರಡು ದಿನ ದಂಡ ಅಲ್ವಾ?”

ತಾಳೆಯಾಗಲಿಲ್ಲ. ಅಚ್ಚು ಹಾಕುವ ಮೇಜಿನ ಮೇಲೆ ಎರಡು ಚೂರು ಅದಲುಬದಲಾಗಿದ್ದವು. ಮಗುವಿನ ಚೂರು ಒಬ್ಬ ಅಜ್ಜನ ಹೆಸರಿನಲ್ಲಿತ್ತು. ಗಡ್ಡೆಯಿದ್ದದ್ದು ಅಜ್ಜನಿಗೆ. ಮಗುವಿಗಿದ್ದದ್ದು ಪಿತ್ತ ಸರಾಗವಾಗಿ ಹರಿಯಗೊಡದ, ಹುಟ್ಟಿನಿಂದ ಬಂದ ಜೀನ್ ದೋಷ. ಆ ಅದಲುಬದಲು ಹಾಗೇ ಉಳಿದಿದ್ದರೆ ಮಗುವಿನ ಮೈಗೆ ಕ್ಯಾನ್ಸರಿನ ಔಷಧಿ ಇಳಿಯುತ್ತಿತ್ತು, ಅಜ್ಜ ಏನೂ ಇಲ್ಲವೆಂದು ಮನೆಗೆ ಹೋಗುತ್ತಿದ್ದರು. ಸಕಾಲಕ್ಕೆ ಶಸ್ತ್ರಚಿಕಿತ್ಸೆಯಾದ ಅಜ್ಜ ಈಗ ಓಡಾಡಿಕೊಂಡಿದ್ದಾರೆ. ಮಗು ದಿನಾ ಔಷಧಿ ಕುಡಿದು ಶಾಲೆಗೆ ಹೋಗುತ್ತಿದೆ. ಆ ವೈದ್ಯರು ಈಗ ಹೊಸ ಅಚ್ಚು ಬಂದರೆ “ಒಂದ್ಸಲ ನೋಡಿಬಿಡಿ ಅಕ್ಕಾ” ಎಂದು ತಾವೇ ತಂದು ಮುಂದಿಡುತ್ತಾರೆ.

ಮಗುವಿನ ಆ ಕಾಯಿಲೆಯ ಮೇಲೆ ಬಂದ ಪ್ರಬಂಧದಲ್ಲಿ ಹನ್ನೊಂದು ಹೆಸರುಗಳಿವೆ. ಇವರದಿಲ್ಲ. ಮಗಳು ಜಗಳಕ್ಕೇ ನಿಂತಳಂತೆ. “ಬರೆಯೋದು ಅವ್ರ ಕೆಲಸ, ಕೊಯ್ಯೋದು ನಂದು ಅಂದೆ. ಆದ್ರೂ ಹಾಕಿದ್ರೆ ಬೇಡ ಅಂತಿರ್ಲಿಲ್ಲ, ಬಿಡಿ.”

ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದರೆ ಕೈಗವಸು ಬಿಚ್ಚಿ ಬುಟ್ಟಿಗೆ ಹಾಕುತ್ತಾರೆ.

“ನಾನು ಚೂರು ಹಾಳುಮಾಡಿದೆ ಅಂತ ಇಲ್ಲಿವರ್ಗೂ ಒಂದು ಮಗೂನೂ ಎರಡನೇ ಸಲ ಸೂಜಿ ಚುಚ್ಚಿಸ್ಕೊಂಡಿಲ್ಲ. ಬೇಕಾದ್ರೆ ಅದನ್ನ ಬರ್ಕೊಳ್ಳಿ.”